ತೋರಣಕ್ಕೆ ಕಿತ್ತ ಎಲೆಗಳು

ನೈರೋಬಿಯಲ್ಲಿ ಚಳಿ ಎಂದರೆ ಊರಿನ ನೆಂಟರು ನಗುತ್ತಿದ್ದರು. ಆಫ್ರಿಕಾದಲ್ಲಿ ಎಂಥ ಚಳಿ ಎನ್ನುವುದು ಅವರ ಪ್ರಶ್ನೆ. ಜುಲೈಯಲ್ಲಿ ಬಂದು ನೋಡಿ ಎನ್ನುತ್ತಿದ್ದೆ ನಾನು. ವಾರಗಟ್ಟಲೆ ಸೂರ್ಯ ಮುಖ ತೋರಿಸುವುದಿಲ್ಲ. ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ನಾನು ಗಣಿತ ಕಲಿಸುತ್ತಿದ್ದ ಶಾಲೆಯಲ್ಲಿ ಮಕ್ಕಳು ಸ್ವೆಟರಿನ ತೋಳಿನೊಳಗೆ ಬೆರಳು ಅಡಗಿಸಿಕೊಂಡು ಕೂತಿರುತ್ತಿದ್ದರು. ಹಿಮವಿಲ್ಲ, ಆದರೂ ಮೂಳೆಗಿಳಿಯುವ ಚಳಿ.

ಎಂಬತ್ತರ ದಶಕದ ಕೊನೆಯಲ್ಲಿ ನಾವು ನೈರೋಬಿಯ ಪಂಗಾನಿ ಬಡಾವಣೆಯ ಇಕ್ಕಟ್ಟಾದ ಮನೆ ಬಿಟ್ಟು ಅದೇ ಊರಿನ ಕಿಲಿಮಾನಿಗೆ ಬಂದೆವು. ಆಗ ಅಲ್ಲಿ ಇಷ್ಟೊಂದು ಫ್ಲ್ಯಾಟುಗಳಿರಲಿಲ್ಲ. ಹೆಂಚಿನ ಮನೆ, ಸುತ್ತ ಕೈತೋಟ. ನಮ್ಮ ತೋಟದ ಮುಕ್ಕಾಲು ಪಾಲು ಒಂದು ದೊಡ್ಡ ಜಕರಂಡ ಮರದ ನೆರಳಿನಲ್ಲಿತ್ತು. ಜುಲೈಯಲ್ಲಿ ಅಪ್ಪಿತಪ್ಪಿ ಬಿಸಿಲು ಬಂದರೆ ಬೀಳುತ್ತಿದ್ದದ್ದು ಅಡುಗೆಮನೆಯ ಉತ್ತರದ ಗೋಡೆಯ ಬುಡಕ್ಕೆ ಮಾತ್ರ. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆಂದು ಊರಿನ ಲೆಕ್ಕವನ್ನೇ ಹಿಡಿದುಕೊಂಡಿದ್ದ ನನಗೆ ಇದು ತಿಳಿಯಲು ಒಂದು ವರ್ಷ ಬೇಕಾಯಿತು. ಸಮಭಾಜಕ ವೃತ್ತದ ಈಚೆ ಬಂದು ಕೂತು ಭೂಗೋಳ ಮರೆತ ಟೀಚರು ನಾನು. ನನ್ನ ಅತ್ತೆಗೆ ಮೊದಲ ವಾರದಲ್ಲೇ ತಿಳಿದಿತ್ತು, ಏಕೆಂದರೆ ಅವರಿಗೆ ಹಪ್ಪಳ ಒಣಗಿಸಲು ಜಾಗ ಬೇಕಿತ್ತು.

ಆ ಜಾಗದಲ್ಲಿ ಅವರು ಮಾವಿನ ಗಿಡ ನೆಟ್ಟರು. ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮೊಂದಿಗೆ ಇರಲು ಮೈಸೂರಿನಿಂದ ಬಂದಾಗ, ಸೀರೆಗಳ ನಡುವೆ ಒಂದು ಗೊರಟೆ ಸುತ್ತಿ ತಂದಿದ್ದರು. ಮಾವ ಕೊನೆಯ ಸಲ ಮಾರ್ಕೆಟ್ಟಿನಿಂದ ತಂದಿದ್ದ ಹಣ್ಣಿನ ಗೊರಟೆ.

"ಈ ದೇಶದಲ್ಲಿ ನಂದು ಅಂತ ಇರೋದು ಇದೊಂದೇ ಕಣಮ್ಮ," ಎಂದಿದ್ದರು.

ನನಗೆ ಸಿಡುಕು ಬಂತು. ಹಾಗಾದರೆ ನಾನು, ನಿಮ್ಮ ಮಗ, ಮೊಮ್ಮಗಳು ಏನು? ಬಾಯಿ ಬಿಟ್ಟು ಕೇಳಲಿಲ್ಲ. ಕೈಯಲ್ಲಿದ್ದ ಪಾತ್ರೆಯನ್ನು ಸ್ವಲ್ಪ ಜೋರಾಗಿ ಕುಕ್ಕಿದೆ.

ಗಿಡ ಮೊಣಕಾಲೆತ್ತರಕ್ಕೆ ಬಂದು ನಿಂತುಬಿಟ್ಟಿತು. ಪ್ರತಿ ಯುಗಾದಿಗೆ ತೋರಣಕ್ಕೆ ಅದರ ಎಲೆಯೇ ಗತಿ. ನೈರೋಬಿಯ ಮಾರ್ಕೆಟ್ಟಿನಲ್ಲಿ ಮಾವಿನ ಹಣ್ಣು ಬೇಕಾದಷ್ಟು ಸಿಗುತ್ತದೆ, ಎಲೆ ಯಾರು ಮಾರುತ್ತಾರೆ? "ಶಾಸ್ತ್ರಕ್ಕೆ ಐದೆಲೆ ಸಾಕು," ಎನ್ನುತ್ತಿದ್ದರು ಅತ್ತೆ. ಬಾಗಿಲು ಎರಡಿವೆ, ದೇವರ ಗೂಡು ಬೇರೆ ಎಂದು ನಾನು ಗಿಡವನ್ನೇ ಬೋಳಿಸಿಕೊಂಡು ಬರುತ್ತಿದ್ದೆ. ಆಮೇಲೆ ಮಳೆ ಬಿದ್ದು ಕೆಂಪು ಚಿಗುರು ಒಡೆಯುತ್ತಿತ್ತು. ಜುಲೈ ಬಂದರೆ ಆ ಚಿಗುರು ಕಪ್ಪಾಗಿ ಉದುರುತ್ತಿತ್ತು. ಮೂರು ವರ್ಷ ಇದೇ ಕಥೆ. ಈ ಚಳಿಗೆ ಮಾವು ಬರುವುದಿಲ್ಲ ಎಂದು ನಾನು ತೀರ್ಪು ಕೊಟ್ಟೆ.

ಅಷ್ಟರಲ್ಲಿ ನನಗೆ ಚಳಿ ತಡೆಯುವ ಹಣ್ಣಿನ ಗಿಡಗಳ ಹುಚ್ಚು ಹಿಡಿದಿತ್ತು. ರಸ್ತೆ ಬದಿಯಲ್ಲಿ ಸಸಿ ಮಾರುತ್ತಿದ್ದ ಒಬ್ಬ ಹೆಂಗಸು, ಲಿಮುರುವಿನ ಚಹಾ ತೋಟಗಳ ಕಡೆಯವಳು, ನನ್ನ ಗುರು. ಆ ಕಡೆ ಚಳಿ ನಮ್ಮಲ್ಲಿಗಿಂತ ಜೋರು. ಪ್ಲಮ್, ಪೀಚ್, ಪೇರ್ ಸಸಿಗಳನ್ನೆಲ್ಲ ಮುಟ್ಟಿ ಮುಟ್ಟಿ ತೋರಿಸುತ್ತಿದ್ದಳು. ಗಿಡ ಆರಿಸುವ ಮುಂಚೆ ಮನೆಯ ಯಾವ ಗೋಡೆಗೆ ಬಿಸಿಲು, ನೀರು ಎಲ್ಲಿ ನಿಲ್ಲುತ್ತದೆ ಎಂದು ಕೇಳುತ್ತಿದ್ದಳು. ಅವಳಿಂದ ಒಂದು ಸೇಬಿನ ಸಸಿ ತಂದು ಗೇಟಿನ ಹತ್ತಿರ ಡ್ರಮ್ಮಿನಲ್ಲಿ ನೆಟ್ಟೆ. ಎರಡು ವರ್ಷವಾದರೂ ಹೂ ಬಿಡಲಿಲ್ಲ.

ಒಂದು ಫೆಬ್ರವರಿಯಲ್ಲಿ ಹೋಗಿ ದೂರಿದೆ. ಅವಳು ನಕ್ಕಳು. ಸೇಬು ಚಳಿಗೆ ಎಲೆ ಉದುರಿಸಿ ನಿದ್ದೆ ಮಾಡುವ ಮರವಂತೆ. ನೈರೋಬಿಯ ಚಳಿ ಅದಕ್ಕೆ ಸಾಲದಂತೆ. ಹಾಗಾಗಿ ಮಳೆಗೆ ಮುಂಚೆ ನಾವೇ ಎಲೆಯನ್ನೆಲ್ಲ ಕೈಯಿಂದ ಕೀಳಬೇಕು, ಆಗ ಚಳಿಗಾಲ ಮುಗಿಯಿತೆಂದುಕೊಂಡು ಹೂ ಬಿಡುತ್ತದೆ. ಆದರೆ ಡ್ರಮ್ಮಿನಲ್ಲಲ್ಲ, ಬಿಸಿಲಿರುವ ನೆಲದಲ್ಲಿ. ಮಾತಿನ ಮಧ್ಯೆ ನಾನು ಯುಗಾದಿಗೆ ಮಾವಿನ ಗಿಡ ಬೋಳಿಸುವ ವಿಷಯ ಹೇಳಿದೆ. ಅವಳ ನಗು ನಿಂತಿತು. ಮಾವಿಗೆ ಹಾಗೆ ಮಾಡಬೇಡ ಎಂದಳು. ಈಗ ಎಲೆ ಕಿತ್ತರೆ ಎಳೆ ಚಿಗುರು ಸರಿಯಾಗಿ ಚಳಿಗೆ ಸಿಕ್ಕಿಬೀಳುತ್ತದೆ. ಹಳೆಯ ಎಲೆ ಇದ್ದರೆ ಗಿಡ ತಡೆದುಕೊಳ್ಳುತ್ತದೆ.

ಅಂದರೆ ಅತ್ತೆಯ ಗಿಡವನ್ನು ಮೂರು ವರ್ಷ ಕೊಲ್ಲುತ್ತ ಬಂದದ್ದು ಚಳಿಯಲ್ಲ, ನಾನು.

ಮನೆಗೆ ಬಂದು ಹೇಳಬೇಕಿತ್ತು. ಹೇಳಲಿಲ್ಲ. ಮಾವು ಹೋದರೆ ಆ ಗೋಡೆಯ ಬುಡ ನನ್ನ ಸೇಬಿಗೆ ಸಿಗುತ್ತದೆ ಎಂಬ ಯೋಚನೆ ತಲೆಯಲ್ಲಿ ಕೂತಿತ್ತು. ಯುಗಾದಿಯ ಬೆಳಿಗ್ಗೆ ಬುಟ್ಟಿ ಹಿಡಿದು ಹೋದೆ, ಎಂದಿನಂತೆ ಬೋಳಿಸಿದೆ. ಗೊತ್ತಿದ್ದೂ ಮಾಡಿದೆ. ಇಷ್ಟು ವರ್ಷವಾದರೂ ಆ ಬುಟ್ಟಿ ನೆನಪಾದರೆ ನಾಚಿಕೆಯಾಗುತ್ತದೆ.

ಆ ಜುಲೈಯಲ್ಲಿ ಚಿಗುರಷ್ಟೇ ಅಲ್ಲ, ಕಾಂಡವೂ ಅರ್ಧಕ್ಕೆ ಕಪ್ಪಾಯಿತು. ಒಂದು ಸಂಜೆ ಶಾಲೆಯಿಂದ ಬಂದಾಗ ಅತ್ತೆ ಹೊದ್ದಿದ್ದ ಶಾಲು ತೆಗೆದು ಗಿಡಕ್ಕೆ ಸುತ್ತುತ್ತಿದ್ದರು, ತಾವು ನಡುಗುತ್ತ. ಪಕ್ಕದಲ್ಲಿ ನಿಂತಿದ್ದ ನನ್ನ ಮಗಳು, "ಅಜ್ಜಿ, ಇಟ್ಸ್ ಡೆಡ್," ಎಂದಳು.

"ಇಲ್ಲ ಪುಟ್ಟಿ, ಬುಡದಲ್ಲಿ ಹಸಿರಿದೆ ನೋಡು," ಎಂದು ಅತ್ತೆ ಉಗುರಿನಿಂದ ಕೆರೆದು ತೋರಿಸಿದರು.

ಮಗಳನ್ನು ಒಳಗೆ ಕಳಿಸಿ ಎಲ್ಲ ಹೇಳಿಬಿಟ್ಟೆ. ಅತ್ತೆ ಶಾಲಿನ ಗಂಟನ್ನೇ ನೋಡುತ್ತಿದ್ದರು.

"ಯಾವಾಗ ಗೊತ್ತಾಯ್ತು ನಿಂಗೆ?"

"ಹಬ್ಬಕ್ಕೆ ಮುಂಚೇನೇ, ಅತ್ತೆ."

"ಕೀಳೋಕೆ ಮುಂಚೆ?"

"ಹೂಂ. ಜಾಗ ಬೇಕಿತ್ತು ನಂಗೆ. ಸೇಬಿಗೆ."

ಅತ್ತೆ ಗೋಡೆಯ ಉದ್ದಕ್ಕೂ ಕೈ ತೋರಿಸಿದರು. "ಪಕ್ಕದಲ್ಲೇ ನೆಟ್ಕೋಬಹುದಿತ್ತಲ್ಲೇ. ನೀನು ಕೇಳಿದ್ರೆ ನಾನು ಬೇಡ ಅಂತಿದ್ನಾ?"

ನಾನು ಕೇಳಿಯೇ ಇರಲಿಲ್ಲ. ಅಳೆದೂ ಇರಲಿಲ್ಲ. ಮರುದಿನ ಅಳೆದೆ, ಮಾವಿನಿಂದ ಗೋಡೆಯ ಕೊನೆಗೆ ಹನ್ನೊಂದು ಹೆಜ್ಜೆ. ಆಗಸ್ಟಿನಲ್ಲಿ ಸೇಬನ್ನು ಅಲ್ಲಿ ನೆಟ್ಟೆವು. ಗುಂಡಿಗೆ ಮೊದಲ ಚೊಂಬು ನೀರು ಅತ್ತೆಯೇ ಹಾಕಿದರು, ನನ್ನೊಂದಿಗೆ ಹೆಚ್ಚು ಮಾತಾಡದೆ. ವರ್ಷದ ಕೊನೆಯ ಮಳೆಗೆ ಮಾವಿನ ಬುಡದಿಂದ ಹೊಸ ಚಿಗುರು ಎದ್ದಿತು.

ಮುಂದಿನ ಯುಗಾದಿಗೆ ತೋರಣದ ಮಾತನ್ನೇ ನಾನು ಎತ್ತಲಿಲ್ಲ. ಬೆಳಿಗ್ಗೆ ಅತ್ತೆಯೇ ಬುಟ್ಟಿ ತಂದು ನನ್ನ ಕೈಗೆ ಕೊಟ್ಟರು.

"ಹೇಗಿದ್ರೂ ನಿನ್ನ ಸೇಬಿನೆಲೆ ಕೀಳ್ಬೇಕಲ್ಲ. ಅದನ್ನೇ ತಾ."

"ಸೇಬಿನೆಲೆ ತೋರಣಾನಾ?"

"ಈ ಊರಿಗೆ ಬಂದ್ಮೇಲೆ ದೇವರೂ ಈ ಊರಿನ ಎಲೆ ನೋಡ್ಲಿ," ಎಂದರು. ನಾನು ಹಿತ್ತಲಿಗೆ ಇಳಿದ ಮೇಲೆ ಬಾಗಿಲಿನಿಂದಲೇ ಕೂಗಿದರು, "ಮಾವಿಂದು ಒಂಬತ್ತೆಲೆ ಇದೆ. ಎಣಿಸಿಟ್ಟಿದ್ದೀನಿ!"

ನಗುತ್ತಿದ್ದರೋ ಇಲ್ಲವೋ, ತಿರುಗಿ ನೋಡಲು ಧೈರ್ಯವಾಗಲಿಲ್ಲ. ಸೇಬಿನ ಎಲೆಗಳನ್ನು ಒಂದೂ ಬಿಡದೆ ಕಿತ್ತು, ಮಾವಿನ ಮುಂದೆ ಕೂತು ನಾನೂ ಎಣಿಸಿದೆ. ಬುಟ್ಟಿ ಕೊಡುವಾಗ ಅವರು ಏನೂ ಕೇಳಲಿಲ್ಲ, ನಾನೇ ಹೇಳಿದೆ.

"ಒಂಬತ್ತೂ ಇದೆ, ಅತ್ತೆ."