ತೌಡು ಕೊಟ್ಟು ತಂದ ಮಗಳು

ಮೊನ್ನೆ ನನ್ನ ಮೊಮ್ಮಗ ಒಂದು ಚಿತ್ರದ ಪುಸ್ತಕ ತಂದ. ಅವನು ದತ್ತು ತಂದ ಹೆಣ್ಣುಕೂಸಿಗೆ ಈಗ ಐದು ವರ್ಷ. ವಿಷಯ ತಿಳಿಸಬೇಕಲ್ಲ, ಅದಕ್ಕೆ. ಪುಟಪುಟದಲ್ಲೂ ಒಬ್ಬ ಅಪ್ಪ ಮೂವತ್ತೆರಡು ಹಲ್ಲೂ ಬಿಟ್ಟು ನಗುತ್ತಾನೆ. ಮಕ್ಕಳನ್ನು ಸಾಕಿದ ಯಾವ ಗಂಡಸೂ ಹಾಗೆ ದಿನವಿಡೀ ನಕ್ಕಿದ್ದನ್ನು ನಾನಂತೂ ಕಂಡಿಲ್ಲ. ಮೊಮ್ಮಗ ಶ್ರಾದ್ಧದ ಮಂತ್ರ ಹೇಳುವವನಂತೆ ಓದುತ್ತಿದ್ದ, ಹುಡುಗಿ ಕಾಲ್ಬೆರಳು ಎಣಿಸುತ್ತಿದ್ದಳು. ಹೊಸ ಕಾಗದ ಘಮ್ಮೆನ್ನುತ್ತಿದ್ದರೂ ನನಗೆ ನೆನಪಾದದ್ದು ತೌಡಿನ ವಾಸನೆ.

ಚಿಕ್ಕಂದಿನಲ್ಲಿ ನಿಮ್ಮನ್ನೂ 'ತೌಡು ಕೊಟ್ಟು ತಂದಿದ್ದು' ಎಂದು ಯಾರಾದರೂ ಗೋಳು ಹೊಯ್ದುಕೊಂಡಿರಬೇಕು. ನೀವು ಅತ್ತಿರುತ್ತೀರಿ, ಅವ್ವ ಸೆರಗಿನಲ್ಲಿ ಮೂಗು ಒರೆಸಿ 'ಸುಳ್ಳು' ಎಂದಿರುತ್ತಾಳೆ. ಹೊನ್ನಾಳಿಯ ನಮ್ಮ ಕೇರಿಯಲ್ಲಿ ತೌಡಿಗೆ ಬಾರದ ಮಗುವೇ ಇರಲಿಲ್ಲ. ನನಗೆ ಮಾತ್ರ ಯಾರೂ ಹಾಗೆ ಹೇಳುತ್ತಿರಲಿಲ್ಲ. ಬಾಯಿ ತೆರೆದವರನ್ನು ಪಕ್ಕದವರು ಚಿವುಟುತ್ತಿದ್ದರು. ಆರು ವರ್ಷಕ್ಕೇ ನನಗೆ ಅನುಮಾನ ಬಂತು. ಉಳಿದವರದು ಸುಳ್ಳು, ಅದಕ್ಕೆ ಹೇಳುತ್ತಾರೆ. ನನ್ನದು ನಿಜವಿರಬೇಕು.

ನಿಜವೇ. ಜಗಳೂರಿನ ಕಡೆಯ ಒಬ್ಬ ರೈತ, ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡ ಮೇಲೆ, ನನ್ನನ್ನು ಮಕ್ಕಳಿಲ್ಲದ ದರ್ಜಿ ದಂಪತಿಯ ಮಡಿಲಿಗೆ ಹಾಕಿ ಹೋಗಿದ್ದ. 'ತರೋದು ತಂದೆ, ಗಂಡು ತರಬಾರ್ದಿತ್ತೇನೋ? ನಾಳೆ ನಿನ್ನ ಚಿತೆಗೆ ಬೆಂಕಿ ಇಡೋರ್ಯಾರು?' ಎಂದು ಪಕ್ಕದ ಮನೆಯ ಗಂಗಜ್ಜಿ ಕೇಳಿದ್ದಳಂತೆ. 'ಬೆಂಕಿಗೇನಜ್ಜಿ, ಕಡ್ಡಿಪೆಟ್ಟಿಗೆ ಐತೆ' ಎಂದನಂತೆ ಅಪ್ಪ.

ಒಂದು ದಿನ ಹೊಲಿಗೆ ಮಷೀನಿನ ಎದುರು ನಿಂತು ಕೇಳಿಯೇಬಿಟ್ಟೆ. "ಅಪ್ಪಾ, ನನ್ನ ತೌಡು ಕೊಟ್ಟು ತಂದಿದ್ದಾ?"

ಅಪ್ಪನ ಕಾಲು ನಿಂತಿತು. "ಹೂಂ. ಒಂದು ಚೀಲ."

"ರೀ!" ಎಂದಳು ಅವ್ವ ಒಳಗಿನಿಂದ.

"ಅವರು ತೌಡು ವಾಪಸ್ ತಂದ್ರೆ?"

ಮಾತು ಸಿಗದಿದ್ದಾಗ ಅಪ್ಪ ಮೀಸೆ ಹುರಿಮಾಡುತ್ತಿದ್ದ. ಅಂದೂ ಅಷ್ಟೇ ಮಾಡಿದ. ಆಮೇಲೆ ಚೀಲ ಹೊತ್ತ ಯಾರನ್ನು ಕಂಡರೂ ನಾನು ಕಣಜದ ಹಿಂದೆ ಅಡಗತೊಡಗಿದೆ.

ವಾರದಲ್ಲಿ ಅಪ್ಪ ನನಗೊಂದು ಪುಸ್ತಕ ಹೊಲಿದುಕೊಟ್ಟ. ಅವನಿಗೆ ಅಕ್ಷರ ಬಾರದು, ಆದ್ದರಿಂದ ಬರೀ ಬಟ್ಟೆಯ ಚಿತ್ರಗಳು. ಯುದ್ಧದ ಕಾಲ, ಬಟ್ಟೆಗೆ ಬರ. ಆದರೆ ಅಕ್ಕಸಾಲಿ ಅಕ್ಕನ ಚಿನ್ನ ಬಿಡನಂತೆ. ನಮ್ಮಪ್ಪ ಸಾಹುಕಾರರ ಕೋಟನ್ನು ಬಿಡುತ್ತಾನೆಯೇ? ಮೊದಲ ಪುಟದಲ್ಲಿ ಅವನೇ, ಆ ಕೋಟಿನ ಚೂರಿನ ಮೀಸೆ, ತಲೆ ತುಂಬ ಕೂದಲು. ಅಪ್ಪನದು ಬೋಳುತಲೆ ಎಂದು ತಕರಾರು ತೆಗೆದೆ. "ನೀ ಬರಾಕೆ ಮುಂಚೆ ಇತ್ತವ್ವ" ಎಂದ. ಆಮೇಲೆ ಅವ್ವ, ಕೆಂಪು ಲಂಗದ ನಾನು, ಕೊನೆಗೆ ಗೋಣಿಯ ಪುಟ್ಟ ಚೀಲ. ಅದರೊಳಗೆ ನಿಜವಾದ ತೌಡನ್ನೇ ತುಂಬಿ ಹೊಲಿದಿದ್ದ.

ಅದೇ ಎಡವಟ್ಟಾದದ್ದು. ಪುಸ್ತಕವನ್ನು ಹಿತ್ತಿಲಲ್ಲಿ ಮರೆತು ಬಂದಿದ್ದೆ. ಹೋಗಿ ನೋಡಿದರೆ ನಮ್ಮ ಎಮ್ಮೆ ಆ ಪುಟವನ್ನು ಗೋಣಿ ಸಮೇತ ಜಗಿಯುತ್ತಿದೆ. ನಾನು ಕೇರಿಗೆಲ್ಲ ಕೇಳುವಂತೆ ಅತ್ತೆ. ಅಪ್ಪ ಓಡಿ ಬಂದ, ಎಮ್ಮೆಯ ಬಾಯಿ ನೋಡಿದ, ನನ್ನನ್ನು ಹೆಗಲಿಗೇರಿಸಿಕೊಂಡು ಕುಣಿದ.

"ಅಳ್ತೀಯಲ್ಲೇ ದಡ್ಡಿ! ಆರು ವರ್ಷದ ತೌಡು, ಅವರ ಎಮ್ಮೆನೂ ಹಿಂಗೇ ತಿಂದು ಸಗಣಿ ಹಾಕಿರತೈತೆ. ಇನ್ನ ವಾಪಸ್ ತರಾಕೆ ಏನೈತೆ, ಸಗಣೀನಾ?"

ಅಂದಿಗೆ ನನ್ನ ಭಯ ಹೋಯಿತು. ಅಪ್ಪ ತೀರಿಕೊಂಡಾಗ ಕಡ್ಡಿ ಗೀರಿದವಳೂ ನಾನೇ.

ಮೊಮ್ಮಗ ಕೊನೆಯ ಪುಟ ಮುಗಿಸಿದ್ದ. ಹುಡುಗಿ ಕಾಲ್ಬೆರಳು ಬಿಟ್ಟು ಕೇಳಿದಳು: "ಅಪ್ಪಾ, ನನ್ನ ವಾಪಸ್ ಕೊಟ್ಬಿಡ್ತೀಯಾ?"

ಮೊಮ್ಮಗ ಪುಸ್ತಕದ ಪುಟ ಹಿಂದಕ್ಕೆ ತಿರುವಿದ. ಪಾಪ, ಅವನಿಗೆ ಹುರಿಮಾಡಲು ಮೀಸೆಯೂ ಇಲ್ಲ.

"ನಿನ್ನ ತೌಡು ಕೊಟ್ಟು ತಂದಿದ್ದು ಕಣೇ, ನನ್ನ ಥರಾನೇ" ಎಂದೆ. ಮನೆಯವರೆಲ್ಲ ನನ್ನನ್ನು ಗುರಾಯಿಸಿದರು.

"ತೌಡು ಅಂದ್ರೇನಜ್ಜಿ?"

"ಎಮ್ಮೆ ತಿನ್ನೋದು."

"ಎಲ್ಲಾ ತಿಂದುಬಿಡ್ತಾ?"

"ಒಂದು ಚಿಟಿಕೆಯೂ ಬಿಟ್ಟಿಲ್ಲ."

"ಹಂಗಾದ್ರೆ ಸರಿ" ಎಂದು ಹುಡುಗಿ ಪುಸ್ತಕ ಪಕ್ಕಕ್ಕೆ ತಳ್ಳಿ ಅಪ್ಪನ ತೊಡೆಯೇರಿ ಕೂತಳು.