ಕಾಕ ಕಂಡ ಬೆಂಕಿ

ಮೊನ್ನೆ ಯಾರೋ ಹೊಲಿಯಲಿಕ್ಕೆ ಕೊಟ್ಟ ಹೊಸ ಬಟ್ಟೆಯ ಮಡಿಕೆ ಬಿಚ್ಚಿದಾಗ ಗಂಜಿಯ ವಾಸನೆ ಬಂತು. ಆಲಂಕಾರಿನಲ್ಲಿ ನನ್ನ ಹೊಲಿಗೆ ಅಂಗಡಿಗೆ ತಾಗಿಕೊಂಡೇ ಬಟ್ಟೆ ಅಂಗಡಿ ಇಟ್ಟಿದ್ದ ಬ್ಯಾರಿ ಕಾಕನ ನೆನಪಾಯಿತು... ಅವರ ಅಂಗಿಗೂ ಇದೇ ವಾಸನೆ ಇತ್ತು.

ಒಮ್ಮೆ ಅವರು ಅಂಗಡಿಯ ಮೆಟ್ಟಿಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡರು. ಪುತ್ತೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಮರುದಿನ ಮಧ್ಯಾಹ್ನ ನೋಡಲಿಕ್ಕೆ ಹೋದರೆ ವಾರ್ಡಿನ ಬಾಗಿಲಲ್ಲೇ ಅವರ ಮಗಳು ಅಳುತ್ತಾ ನಿಂತಿದ್ದಳು. "ಅಕ್ಕ, ಉಪ್ಪನಿಗೆ ನನ್ನ ಗುರುತೇ ಸಿಗುದಿಲ್ಲ." ಬ್ಯಾರಿ ಮುಸ್ಲಿಮರಲ್ಲಿ ಅಪ್ಪನಿಗೆ ಉಪ್ಪ ಎನ್ನುತ್ತಾರೆ.

ಒಳಗೆ ಕಾಕ ಡ್ರಿಪ್ಪಿನ ಸೂಜಿ ಕಿತ್ತುಹಾಕಿದ್ದರು. ಹಾಸಿಗೆಯ ಮೇಲೆಲ್ಲ ರಕ್ತ. ಆಪರೇಷನ್ ಆದ ಕಾಲನ್ನೇ ಮಂಚದಿಂದ ಇಳಿಸಲು ಹೊರಟಿದ್ದರು; ಇಬ್ಬರು ಸಂಬಂಧಿಕರು ತಡೆಯುತ್ತಿದ್ದರು.

"ಬೆಂಕಿ! ಅಂಗಡಿಗೆ ಬೆಂಕಿ! ಬಿಡಿ ನನ್ನನ್ನು!"

ಓಡಿಹೋಗಿ ಅವರ ಭುಜ ಹಿಡಿದೆ. "ಕಾಕ, ನಾನು, ಪಕ್ಕದ ಅಂಗಡಿಯವಳು." ಅವರ ಕಣ್ಣಲ್ಲಿ ಗುರುತೇ ಇರಲಿಲ್ಲ. ಎಂದೂ ದನಿ ಏರಿಸದ ಆ ಮನುಷ್ಯ ನನ್ನ ಕೈ ತಿರುಚಿದರು.

"ತಲೆ ಕೆಟ್ಟಿತು. ಇನ್ನು ಮಂಗಳೂರಿನ ಹುಚ್ಚಾಸ್ಪತ್ರೆಗೇ ಕೊಂಡುಹೋಗುದು" ಎಂದರು ಸಂಬಂಧಿಕರೊಬ್ಬರು. ಕೈ ಕಟ್ಟಲಿಕ್ಕೆ ಯಾರೋ ಬ್ಯಾಂಡೇಜ್ ಬಟ್ಟೆ ತಂದರು. ಅಷ್ಟರಲ್ಲಿ ಡಾಕ್ಟರಮ್ಮ ಬಂದರು.

"ಕಟ್ಟಬೇಡಿ, ಹೆದರಿಕೆ ಇನ್ನೂ ಹೆಚ್ಚಾಗ್ತದೆ. ಬೀಳುವ ಮೊದಲು ಹೇಗಿದ್ದರು?"

"ಎಂತದೂ ಇರಲಿಲ್ಲ ಡಾಕ್ಟ್ರೇ" ಎಂದಳು ಮಗಳು. "ಇವತ್ತು ಬೆಳಿಗ್ಗೆ ಕೂಡ ಸರಿಯಾಗಿ ಮಾತಾಡಿದ್ದಾರೆ."

"ಹಾಗಾದರೆ ಇದು ಹುಚ್ಚಲ್ಲ, ಮರೆವಿನ ಕಾಯಿಲೆಯೂ ಅಲ್ಲ. ವಯಸ್ಸಾದವರಿಗೆ ಆಪರೇಷನ್ ಆದ ಮೇಲೆ ಹೀಗೆ ಸನ್ನಿ ಹಿಡಿಯುದುಂಟು. ಕಾರಣ ಹುಡುಕಬೇಕು."

ಕಿಬ್ಬೊಟ್ಟೆ ಒತ್ತಿ ನೋಡಿದರು. ಮೂತ್ರ ಕಟ್ಟಿ ಗಟ್ಟಿಯಾಗಿತ್ತು. ನಳಿಕೆ ಹಾಕಿ ತೆಗೆಸಿದರು, ನಿದ್ದೆ ಮಾತ್ರೆ ನಿಲ್ಲಿಸಿದರು. ಆಪರೇಷನ್ನಿಗೆಂದು ತೆಗೆದ ಕನ್ನಡಕ, ಕಿವಿಯ ಮೆಶಿನು ಇನ್ನೂ ಚೀಲದಲ್ಲೇ ಇದ್ದವು. "ಕಾಣುದಿಲ್ಲ, ಕೇಳುದಿಲ್ಲ, ಮತ್ತೆ ಹೆದರಿಕೆ ಆಗದೆ ಇರ್ತದಾ? ಮೊದಲು ಅದನ್ನು ಹಾಕಿ. ಗುರುತಿನವರು ಹತ್ತಿರ ಕೂತು ಮೆಲ್ಲ ಮಾತಾಡಿ."

ಆದರೆ ಸನ್ನಿ ಕೂಡಲೇ ಇಳಿಯಲಿಲ್ಲ. ಒಮ್ಮೆ ನನ್ನನ್ನು ನೋಡಿ ನಗುವರು, ಸ್ವಲ್ಪ ಹೊತ್ತಿಗೆ ಮತ್ತೆ ಬೆಂಕಿ ಎಂದು ಏಳುವರು. ಆ ಕಾಲು ನೆಲಕ್ಕೆ ಊರಿದರೆ... ಅದೇ ಭಯ. "ಇದು ಪುತ್ತೂರು, ನಿಮಗೆ ಆಪರೇಷನ್ ಆಗಿದೆ, ಅಂಗಡಿ ಸರಿ ಉಂಟು" ಎಂದು ನಾನೂ ಮಗಳೂ ಹೇಳುತ್ತಲೇ ಇದ್ದೆವು. ಕೆಲವು ದಿನ ಕಳೆದು ಒಂದು ಬೆಳಿಗ್ಗೆ, "ಅಂಗಡಿ ಬಿಟ್ಟು ನೀವು ಇಲ್ಲಿ ಎಂತ ಮಾಡುದು ಮಾರಾಯ್ರೆ?" ಎಂದು ಅವರು ಕೇಳಿದಾಗ ಮಗಳು ಮುಖ ತಿರುಗಿಸಿ ಅತ್ತಳು.

ಕೋಲು ಹಿಡಿದು ಅಂಗಡಿಗೆ ಬರತೊಡಗಿದ ಮೇಲೆ ಒಮ್ಮೆ ಕೇಳಿದೆ, ಆ ಬೆಂಕಿಯ ನೆನಪುಂಟಾ ಎಂದು. ಕೋಲನ್ನು ಗೋಡೆಗೆ ಒರಗಿಸಿ ಕೂತರು.

"ಉಂಟು. ಬೆಂಕಿ ನನ್ನ ಅಂಗಡಿಗಲ್ಲ... ನಿಮ್ಮದಕ್ಕೆ. ನೀವು ಒಳಗಿದ್ರಿ. ನಿಮ್ಮನ್ನು ಹೊರಗೆ ತರಲಿಕ್ಕೆ ನಾನು ಏಳುದು, ಯಾರೋ ಹೆಂಗಸು ಹಿಡಿದುಕೊಂಡು ಬಿಡುದೇ ಇಲ್ಲ."

ಆ ಹೆಂಗಸು ನಾನೇ ಎಂದು ಹೇಳಲು ನನ್ನಿಂದಾಗಲಿಲ್ಲ.

ಕಾಕ ಕಳೆದ ವರ್ಷ ತೀರಿಕೊಂಡರು. ಪಕ್ಕದಲ್ಲಿ ಈಗ ಮೊಬೈಲ್ ಅಂಗಡಿ. ಅವರೂ ಒಳ್ಳೆಯವರೇ. ಆದರೆ ಸಂಜೆ ನಾನು ಶಟರ್ ಎಳೆಯುವಾಗ, ಕಾಕನ ಹಾಗೆ "ಹೊರಟ್ರಾ?" ಎಂದು ಕೇಳುವವರಿಲ್ಲ.