ಶಾರದಾ ವೈನಿ ಆಡದ ಮಾತು

ನೀಲಾ, ನಿನ್ನ ತಾಯಿ ಆ ಮಾತನ್ನು ಆಡಲಿಲ್ಲ. ಅದನ್ನು ಕಟ್ಟಿದವಳು ನಾನು.

ಯಾವ ಮಾತು ಎಂದು ನಿನಗೆ ನೆನಪಿಸಬೇಕಿಲ್ಲ. ಆದರೂ ಒಮ್ಮೆ ಪೂರ್ತಿ ಬರೆಯುತ್ತೇನೆ. "ನನ್ನ ಸ್ಟೆತೊಸ್ಕೋಪು ಮಗಳ ಕೊರಳಿಗೆ ಬಿದ್ದ ದಿನ ನನ್ನ ಕೆಲಸ ಮುಗೀತು. ಅವಳು ಓದಿಗೆ ತಿರುಗಿ ಹೋಗ್ತಾಳೆ, ನನಗೆ ಗೊತ್ತು." ಬರ್ಮಿಂಗ್‌ಹ್ಯಾಮ್ ಪಕ್ಕದ ಸೊಲಿಹಲ್‌ನ ಸಭಾಂಗಣದಲ್ಲಿ, ನಿನ್ನ ತಾಯಿಯ ನುಡಿನಮನದ ದಿನ, ನಿನ್ನ ಅಪ್ಪ ಇದನ್ನು ಓದಿದರು. ತಾಯಿಯ ಕೊನೆಯ ವಾರದ ಮಾತು ಇದು ಎಂದು ಓದಿದರು. ಹಾಗೆ ಬರೆದುಕೊಟ್ಟವಳು ನಾನೇ—

ಮೊದಲಿನಿಂದ ಹೇಳುತ್ತೇನೆ. ನಾನು ಧಾರವಾಡದಿಂದ ಬರ್ಮಿಂಗ್‌ಹ್ಯಾಮ್‌ಗೆ ಬಂದದ್ದು ಮಧ್ಯಯುಗದ ಗ್ರೀಕ್ ಭಾಷಣಗಳ ಮೇಲೆ ಪಿಎಚ್‌ಡಿ ಮಾಡಲು. ಬೈಜಾಂಟಿಯಮ್ಮಿನ ಅರಮನೆಯಲ್ಲಿ ರಾಜನನ್ನು ಹೊಗಳಿ, ಸತ್ತವರಿಗಾಗಿ ಅತ್ತು ಆಡಿದ ಭಾಷಣಗಳು. ಅವುಗಳಲ್ಲಿ ಎಷ್ಟೋ ಯಾರು ಬರೆದದ್ದೆಂದೇ ಗೊತ್ತಿಲ್ಲ. ಒಬ್ಬ ಬರೆದದ್ದನ್ನು ಇನ್ನೊಬ್ಬ ಆಡಿದ್ದೂ ಉಂಟು. ಇಲ್ಲಿನ ನಮ್ಮ ಜನಕ್ಕೆ ಇದು ನಗೆಯ ವಿಷಯವಾಗಿತ್ತು. "ಅದನ್ನ ಓದಿ ಏನ್ ಮಾಡ್ತೀರಿ?" ಎಂದು ಡಾಕ್ಟರುಗಳು, ಎಂಜಿನಿಯರುಗಳು ಕೇಳುತ್ತಿದ್ದರು. ನಗದೆ ಕೇಳಿದವರು ನಿನ್ನ ತಾಯಿ, ನಾನು ಅತ್ತಿಗೆಯೆಂದೇ ತಿಳಿದ ಶಾರದಾ ವೈನಿ ಒಬ್ಬರೇ. ಇಡೀ ವಾರ ಕ್ಲಿನಿಕ್ಕಿನಲ್ಲಿ ಜಿಪಿ ಡಾಕ್ಟರ್ ಕೆಲಸ ಮಾಡಿ ಸೋತವರು, ಭಾನುವಾರ ನನ್ನನ್ನು ಊಟಕ್ಕೆ ಕರೆದು, ರೊಟ್ಟಿ ಬಡಿಯುತ್ತಾ, "ಈ ವಾರ ನಿನ್ನ ಗ್ರೀಕರು ಯಾರಿಗೆ ಅತ್ರು ಹೇಳು" ಎನ್ನುತ್ತಿದ್ದರು.

ಆಗ ನೀನು ಶೆಫೀಲ್ಡ್‌ನಲ್ಲಿ ಮೆಡಿಸಿನ್ ಅರ್ಧಕ್ಕೆ ಬಿಟ್ಟು, ಲೀಡ್ಸ್‌ನ ಒಂದು ಚಿಕ್ಕ ನಾಟಕ ಕಂಪನಿಯಲ್ಲಿ ಬೆಳಕಿನ ಕೆಲಸಕ್ಕೆ ಸೇರಿದ್ದೆ. ತಾಯಿ ಮಗಳ ಮಾತು ನಿಂತಿತ್ತು. ಅಪ್ಪನ ಸಿಟ್ಟು ಎಲ್ಲರಿಗೂ ಕೇಳಿಸುತ್ತಿತ್ತು. ವೈನಿಯದು ಸಿಟ್ಟೋ ಬೇರೇನೋ ಎಂದು ಯಾರೂ ಕೇಳಲಿಲ್ಲ. ಒಂದು ಭಾನುವಾರ ಅವರಾಗಿಯೇ ಹೇಳಿದರು. ಒಲೆಯ ಕಡೆ ಮುಖ ಮಾಡಿಯೇ ಹೇಳಿದರು.

"ಸುಮಾ, ಅಕಿ ಬಿಟ್ಟದ್ದ ಛಲೋ ಆತು. ನನಗೂ ಬಿಡೂದಿತ್ತು, ಧೈರ್ಯ ಸಾಲಲಿಲ್ಲ. ಆದ್ರ ಇಷ್ಟು ದಿನ ಮಾತು ಬಿಟ್ಟು ಕುಂತು ಈಗ ಇದನ್ನ ಅಕಿಗೆ ಹೆಂಗ ಹೇಳ್ಲಿ?"

"ಫೋನ್ ಮಾಡ್ರಿ ವೈನಿ," ಎಂದೆ.

"ಮಾಡ್ತೀನಿ," ಎಂದರು.

ಮಾಡಲಿಲ್ಲ. ಅದೇ ವಾರ ಮೆದುಳಿಗೆ ರಕ್ತಸ್ರಾವವಾಗಿ ಕ್ಲಿನಿಕ್ಕಿನಲ್ಲೇ ಬಿದ್ದರು. ನೀನು ಲೀಡ್ಸ್‌ನಿಂದ ಬಂದು ಮುಟ್ಟುವಷ್ಟರಲ್ಲಿ ಶಿವೈಕ್ಯರಾಗಿದ್ದರು.

ನಿನ್ನ ಅಪ್ಪ ನನ್ನನ್ನು ಕರೆದು, "ಸುಮಾ, ನೀ ಇಂಥಾ ಭಾಷಣಾನ ಓದಾಕ ಬಂದಾಕಿ. ನಾಲ್ಕು ಮಾತು ಬರದು ಕೊಡವಾ. ನನಗ ಬಾಯೇ ಬರವಲ್ದು," ಎಂದರು.

ಕುಳಿತು ಬರೆದೆ. ಆ ಗ್ರೀಕ್ ಶೋಕಭಾಷಣಗಳಲ್ಲಿ ಒಂದು ಪದ್ಧತಿಯಿದೆ—ಸತ್ತವರೇ ಎದ್ದು ಮಾತಾಡಿದಂತೆ ಬರೆಯುವುದು. ಶಾಲೆಯಲ್ಲೇ ಹುಡುಗರಿಗೆ ಅದನ್ನು ಕಲಿಸುತ್ತಿದ್ದರು: ಇಂಥವರು ಇಂಥ ಹೊತ್ತಿನಲ್ಲಿ ಏನೆಂದಾರು, ಬರೆ. ನನಗೆ ಅಂಥದೊಂದು ಮುಕ್ತಾಯ ಬೇಕಾಗಿತ್ತು. ವೈನಿ ನಿಜವಾಗಿ ಆಡಿದ ಮಾತು ನನ್ನ ಕಿವಿಯಲ್ಲೇ ಇತ್ತು. ಆದರೆ ಸಭೆಯ ತುಂಬ ಡಾಕ್ಟರುಗಳು ಕೂತಿರುತ್ತಾರೆ. ಇಡೀ ಜೀವಮಾನ ಡಾಕ್ಟರಾಗಿದ್ದವಳು 'ನನಗೂ ಬಿಡೂದಿತ್ತು' ಎಂದಳೆಂದು ಗಂಡನ ಬಾಯಲ್ಲಿ ಹೇಗೆ ಓದಿಸಲಿ? ಇದು ನಾನು ಆಮೇಲೆ ಹುಡುಕಿಕೊಂಡ ಕಾರಣ. ಬರೆಯುವಾಗ ಇಷ್ಟೂ ಯೋಚಿಸಿರಲಿಲ್ಲ. ಆ ಮಾತಿಗೆ ಲಯ ಇರಲಿಲ್ಲ, ಅಷ್ಟೇ. ಅದು ಅಡುಗೆಮನೆಯ ಮಾತು. ಸ್ಟೆತೊಸ್ಕೋಪಿನ ವಾಕ್ಯ ತಾನಾಗಿ ಬಂತು, ಚೆನ್ನಾಗಿ ಬಂತು. ಬರೆದು ಎರಡು ಸಲ ಗಟ್ಟಿಯಾಗಿ ಓದಿಕೊಂಡೆ. ಹೆಮ್ಮೆಯಾಯಿತು.

ಸಭೆ ಅತ್ತಿತು. ನಿನ್ನ ಅಪ್ಪನ ದನಿ ಆ ವಾಕ್ಯದಲ್ಲಿ ಒಡೆಯಿತು. ನೀನು ಮುಂದಿನ ಸಾಲಿನಲ್ಲೇ ಇದ್ದೆ. ನಾನು ನಿನ್ನ ಮುಖ ನೋಡಲಿಲ್ಲ—ಜನ ಅಳುವುದನ್ನು ನೋಡುತ್ತಿದ್ದೆ.

ಮುಂದಿನ ಶರತ್ಕಾಲಕ್ಕೆ ನೀನು ಶೆಫೀಲ್ಡ್‌ಗೆ ವಾಪಸು ಹೋದೆ ಎಂದು ಕೇಳಿದಾಗ, ಅದು ಆ ವಾಕ್ಯದ ಕೆಲಸವೆಂದು ಹೊಳೆಯಿತು. ಆದರೂ ಬಾಯಿ ಬಿಡಲಿಲ್ಲ. ಒಳ್ಳೆಯದೇ ಆಯಿತಲ್ಲ ಎಂದುಕೊಂಡೆ. ಆ ವರ್ಷವೇ ನನ್ನ ಪ್ರಬಂಧದಲ್ಲಿ ಒಂದು ಅಧ್ಯಾಯ ಬರೆದೆ: ಮಾತು ಬರೆದವನ ಸೊತ್ತಲ್ಲ, ಆಡಿದವನದು, ಕೇಳಿದವರದು, ಕರ್ತೃ ಯಾರೆಂಬ ನಮ್ಮ ಚಿಂತೆ ಆ ಕಾಲದವರಿಗೆ ಇರಲೇ ಇಲ್ಲ. ಪರೀಕ್ಷಕರು ಮೆಚ್ಚಿದರು. ಲೀಡ್ಸ್‌ನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಆ ಸಮರ್ಥನೆಯನ್ನು ಯಾರಿಗಾಗಿ ಬರೆದೆನೆಂದು ನನಗೊಬ್ಬಳಿಗೇ ಗೊತ್ತು. ಇವತ್ತು ಆ ಅಧ್ಯಾಯ ತೆರೆದರೆ ಪುಟ ಹರಿಯುವಷ್ಟು ಸಿಟ್ಟು ಬರುತ್ತದೆ. ಯಾರ ಮೇಲೆ? ಆ ಗ್ರೀಕರ ಮೇಲೇನೂ ಅಲ್ಲ. ಅವರ ಸಭೆಯಲ್ಲಿ ಕೂತವರಿಗೆ ಇದು ಕಟ್ಟಿದ ಮಾತೆಂದು ಗೊತ್ತಿರುತ್ತಿತ್ತು. ನಿನಗೆ ಗೊತ್ತಿರಲಿಲ್ಲ.

ಮತ್ತೆ ನಿನ್ನನ್ನು ಕಂಡದ್ದು ನಿನ್ನ ಮನೆಯಿರುವ ಡಿಡ್ಸ್‌ಬರಿಯಲ್ಲಿ, ನೀನು ಆಸ್ಪತ್ರೆಯ ಕೆಲಸಕ್ಕೆ ಸೇರಿ ಕೆಲವು ವರ್ಷಗಳಾದ ಮೇಲೆ. ನೀನೇ ಟ್ರ್ಯಾಮ್ ಸ್ಟಾಪಿಗೆ ಬಂದು ನನ್ನನ್ನು ಕರೆದುಕೊಂಡು ಹೋದೆ. ಕಣ್ಣ ಕೆಳಗೆ ಕಪ್ಪು, ಮಾತಿನ ನಡುವೆ ನಿದ್ದೆ. ಪಾಳಿಯ ರೋಟಾ ಹೇಗಿದೆ ಎಂದು ಕೇಳಿದರೆ ನೀನು ನಕ್ಕೆ. "ಟು ಬಿ ಆನೆಸ್ಟ್ ಸುಮಕ್ಕ, ಐ ಹೇಟ್ ಇಟ್," ಎಂದೆ. ಹಾಗಾದರೆ ಬಿಟ್ಟುಬಿಡು ಎಂದೆ ನಾನು—ಎಷ್ಟು ಹಗುರವಾಗಿ ಅಂದೆ! ನೀನು ತಲೆಯಾಡಿಸಿದೆ. "ಐ ಕಾಂಟ್. ಅಮ್ಮ ಹೇಳಿದ್ದು... ದಟ್ ಲೈನ್ ಕೀಪ್ಸ್ ಮಿ ಗೋಯಿಂಗ್."

ಆಗಲೇ ಹೇಳಬೇಕಿತ್ತು. ಬಾಯಿ ತೆರೆದೂ ಇದ್ದೆ. ನೀನು ಇನ್ನೊಂದು ಕಪ್ ಚಹಾ ಬೇಕಾ ಎಂದೆ, ನಾನು ಬೇಕು ಎಂದೆ. ಮುಗಿಯಿತು.

ನಿನ್ನ ಅಪ್ಪನಿಗಾದರೂ ಹೇಳೋಣವೆಂದು ಸೊಲಿಹಲ್‌ಗೆ ಹೋದೆ. ಪೂರ್ತಿ ಹೇಳಿದೆ. ವೈನಿ ಅಂದದ್ದೇನು, ನಾನು ಬರೆದದ್ದೇನು ಎಂದು. "ನಿನಗ ಅಕಿ ಅಡಗಿಮನ್ಯಾಗ ಹೇಳಿದ್ಲಂತ ತಿಳದಿದ್ದೆ," ಎಂದರು. ಆಮೇಲೆ, "ಅದನ್ನ ಓದಿದಾಂವ ನಾ. ಸುಳ್ಳಾದ್ರ ಸುಳ್ಳು ನಂದಾತು."

"ಇಲ್ಲ ಅಣ್ಣಾ, ನಂದು."

"ಯಾರದರ ಇರಲಿ. ಅಕಿ ಹಂಗಂದ್ಲಂತ ನಾನೂ ಇಷ್ಟು ವರ್ಷ ನಂಬಿ ಬದುಕೀನಿ. ಈಗ ಕಸಗೋಬ್ಯಾಡ. ನೀಲಾಗ ಹೇಳಬ್ಯಾಡ."

ಆಗಲಿ ಎಂದು ಬಂದೆ. ಅವರ ಮಾತನ್ನು ನಡೆಸಿಕೊಡುತ್ತಿದ್ದೇನೆ ಎಂಬ ಹೊಸ ನೆಪ ಸಿಕ್ಕಿತು. ನನ್ನ ನೆಪಗಳು ನನಗೇ ಸಾಕಾಗಿವೆ ನೀಲಾ. ಈಗ ಇದನ್ನು ಬರೆಯುತ್ತಿರುವುದೂ ಕನ್ನಡದಲ್ಲಿ. ನಿನಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ ಎಂದು ಗೊತ್ತಿದ್ದೂ—ಇದೂ ಒಂದು ಅಡಗುವ ಜಾಗವೇ.

ಆದ್ದರಿಂದ ಶನಿವಾರ ಬರುತ್ತೇನೆ. ನಾನು ಫೋನ್ ಮಾಡಿದಾಗ ನೀನು, "ಲವ್ಲಿ ಸುಮಕ್ಕ, ಲಂಚ್‌ಗೆ ಬನ್ನಿ," ಎಂದೆ. ಊಟಕ್ಕೆ ಮೊದಲೇ ಹೇಳುತ್ತೇನೆ. ಆಮೇಲೆ ಎಂದರೆ ಜಾರಿಕೊಳ್ಳುತ್ತೇನೆ. ನಿನ್ನ ಅಪ್ಪನಿಗೂ ತಿಳಿಸಿದ್ದೇನೆ. ಅವರು ಫೋನ್ ಇಟ್ಟುಬಿಟ್ಟರು.

ಕೇಳಿದ ಮೇಲೆ ನೀನು ಕೆಲಸ ಬಿಡುತ್ತೀಯೋ ಇಲ್ಲವೋ, ನನ್ನನ್ನು ಎದ್ದು ಹೋಗೆನ್ನುತ್ತೀಯೋ—ಅದರಲ್ಲಿ ನನಗೆ ಮಾತಿಲ್ಲ. ನನ್ನನ್ನು ನಿದ್ದೆಗೆಡಿಸುತ್ತಿರುವುದು ಬೇರೆ. ನಿನ್ನ ತಾಯಿ ನಿಜವಾಗಿ ಆಡಿದ ಮಾತು ಕೇಳಿದವಳು ಈ ಲೋಕದಲ್ಲಿ ನಾನೊಬ್ಬಳೇ. ಒಮ್ಮೆ ಅವರ ಬಾಯಿಗೆ ನನ್ನ ಮಾತು ತುರುಕಿದವಳು ಈಗ ಬಂದು, ಅವರು ಅಂದದ್ದು ಇದು ಎಂದರೆ ನೀನು ಯಾಕೆ ನಂಬಬೇಕು? ನಂಬದಿದ್ದರೆ ಅದು ನ್ಯಾಯವೇ. ಆಗ ಅವರ ಆ ಒಂದು ಮಾತನ್ನೂ ನಿನ್ನಿಂದ ಕಸಿದವಳು ನಾನೇ ಆಗುತ್ತೇನೆ.

ಆದರೂ ಹೇಳುತ್ತೇನೆ. ಒಂದು ಪದ ಸೇರಿಸದೆ, ಅವರು ಹೇಳಿದಷ್ಟೇ.